ಹಲಸಿನ ಮರದ ಚೇತಕ್

ನನ್ನ ಮೊದಲ ಹೆಲಿಕಾಪ್ಟರ್ ಮುಗಿದ ದಿನ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಪಕ್ಕದ ತೋಟದ ಮಾವನ ಮನೆಗೆ ಹೋದೆ. ಅವರು ಏರ್‌ಫೋರ್ಸ್‌ನಲ್ಲಿ ಚೇತಕ್ ಹೆಲಿಕಾಪ್ಟರ್‌ಗಳ ರಿಪೇರಿ ಮಾಡಿ ರಿಟೈರ್ ಆದವರು. ಜಗಲಿಯ ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು. ಹೊಟ್ಟೆಯ ಭಾಗವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ, "ಬಾಡಿ ಬಹಳ ಚೆನ್ನಾಗಿ ಬಂದಿದೆ ಕಣೋ. ಆದ್ರೆ ಬ್ಲೇಡ್ ಉಲ್ಟಾ ಕೂರಿಸಿದೀಯ. ಇನ್ನೊಂದು, ಈ ಬ್ಲೇಡಿಗೆ ಭಾರನೇ ಇಲ್ಲ ನೋಡು" ಅಂದರು.

ಎರಡು ಮಳೆಗಾಲದ ಕೆಲಸ ಅದು. ಮೂಡಿಗೆರೆ ಕಡೆಯ ಮಳೆ ಗೊತ್ತಲ್ವಾ? ಹಿಡಿದರೆ ಬಿಡುವುದಿಲ್ಲ. ತೋಟದಲ್ಲಿ ಏನೂ ಮಾಡುವಂತಿರುವುದಿಲ್ಲ. ಆ ದಿನಗಳಲ್ಲಿ ಕೊಟ್ಟಿಗೆ ಪಕ್ಕದ ಚಾವಡಿಯಲ್ಲಿ ಕೂತು ಕೆತ್ತಿದ್ದು. ಮಾವ ಹೇಳಿದ್ದು ಕೇಳಿ ಬೇಜಾರಾಯಿತು, ನಿಜ. ಆದರೆ ಅವತ್ತು ರಾತ್ರಿ ಅವರು ಕೊಟ್ಟ ಫೋಟೋಗಳನ್ನು ನೋಡುತ್ತಾ ಕೂತಾಗ ಗೊತ್ತಾಯಿತು, ನಾನು ಇಷ್ಟು ದಿನ ಹೆಲಿಕಾಪ್ಟರಿನ ಹೊಟ್ಟೆಯನ್ನು ಮಾತ್ರ ನೋಡಿದ್ದೆ. ಈಗ ಮೂರನೆಯ ಚೇತಕ್ ಮುಗಿದಿದೆ. ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಮರದ ಕೆಲಸದ ಮೇಲೆ ಆಸೆ ಇರುವವರಿಗೆ ಉಪಯೋಗ ಆಗಬಹುದು.

ಚೇತಕ್ಕೇ ಯಾಕೆ ಅಂದರೆ, ನಾನು ಮೊದಲು ಹತ್ತಿರದಿಂದ ನೋಡಿದ ಹೆಲಿಕಾಪ್ಟರ್ ಅದು. ಹುಟ್ಟಿದ್ದು ಫ್ರಾನ್ಸಿನಲ್ಲಿ, ಅಲ್ಲಿ ಅದರ ಹೆಸರು ಅಲೂಯೆಟ್ 3. 1962ರಲ್ಲಿ ಒಪ್ಪಂದ ಆಗಿ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮೊದಲನೆಯದು 1965ರಲ್ಲಿ ಹಾರಿತು. ಮುಂದೆ ಗಾಜಿನ ದೊಡ್ಡ ಮೂತಿ, ಹಿಂದೆ ಸಣ್ಣಗೆ ಉದ್ದಕ್ಕೆ ಚಾಚಿದ ಬಾಲ, ಬೆನ್ನ ಮೇಲೆ ಮುಚ್ಚಳವೇ ಇಲ್ಲದ ಎಂಜಿನ್, ಕೆಳಗೆ ಮೂರು ಚಕ್ರ. ಕೆತ್ತುವವನಿಗೆ ಇಷ್ಟೊಂದು ಬೇರೆ ಬೇರೆ ಆಕಾರ ಒಂದೇ ಕಡೆ ಸಿಗುವುದು ಕಷ್ಟ.

ಅಳತೆ 1:24 ಇಟ್ಟುಕೊಂಡೆ. ನಿಜವಾದ ಚೇತಕ್‌ನ ಮೇಲಿನ ಬ್ಲೇಡುಗಳು ಸುತ್ತುವ ವೃತ್ತದ ಅಡ್ಡಗಲ 11.02 ಮೀಟರ್, ಬಾಡಿಯ ಉದ್ದ 10.03 ಮೀಟರ್, ಎತ್ತರ 3 ಮೀಟರ್. 24ರಿಂದ ಭಾಗಿಸಿದರೆ ಬ್ಲೇಡಿನ ಅಡ್ಡಗಲ 46 ಸೆಂಟಿಮೀಟರ್, ಬಾಡಿ 42, ಎತ್ತರ ಹನ್ನೆರಡೂವರೆ. ಶೋಕೇಸಿನಲ್ಲಿ ಹಿಡಿಸುತ್ತದೆ, ಉಳಿಯ ಮೊನೆಗೂ ಜಾಗ ಸಿಗುತ್ತದೆ. ಇದಕ್ಕಿಂತ ಚಿಕ್ಕದು ಮಾಡಿದರೆ ಕಿಟಕಿಯ ಪಟ್ಟಿಗಳು ಕೂದಲಿನಷ್ಟಾಗುತ್ತವೆ. ಮರ ಅಷ್ಟು ತೆಳುವಿಗೆ ನಿಲ್ಲುವುದಿಲ್ಲ.

ಮರದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಸಲ ಒಂದು ಸಾಮಿಲ್‌ನಿಂದ ಹಲಸಿನ ತುಂಡು ತಂದೆ. ಚೆನ್ನಾಗಿ ಒಣಗಿದೆ ಅಂದಿದ್ದರು, ನಂಬಿದೆ. ಮಳೆಗಾಲದಲ್ಲಿ ಕೆತ್ತುವಾಗ ಏನೂ ಗೊತ್ತಾಗಲಿಲ್ಲ. ಮಾರ್ಚ್ ಬಿಸಿಲು ಬಂದದ್ದೇ ತಡ, ಮೂತಿಯಿಂದ ಬಾಗಿಲಿನವರೆಗೆ ಸೀಳು ಬಿತ್ತು. ಈಗ ಮರ ನಾನೇ ಒಣಗಿಸುತ್ತೇನೆ. ನಮ್ಮದೇ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಚೇಗನ್ನು ತುಂಡು ಮಾಡಿ, ಎರಡೂ ತುದಿಗೆ ಜೇನುಮೇಣ ಬಳಿದು ಅಟ್ಟಕ್ಕೆ ಹಾಕುತ್ತೇನೆ. ಕೆಳಗೆ ಒಲೆ ಇರುವ ಅಟ್ಟ ಅದು. ತುದಿಗೆ ಮೇಣ ಯಾಕೆ ಅಂದರೆ, ಮರದ ನೀರು ತುದಿಯಿಂದಲೇ ಬೇಗ ಹೋಗುತ್ತದೆ, ಬೇಗ ಹೋದ ಕಡೆ ಸೀಳುತ್ತದೆ. ತಿಂಗಳಿಗೊಮ್ಮೆ ಮೆಣಸು ತೂಗುವ ತಕ್ಕಡಿಯಲ್ಲಿ ತೂಗಿ, ತುಂಡಿನ ಮೇಲೇ ಸೀಸದಕಡ್ಡಿಯಲ್ಲಿ ಬರೆದಿಡುತ್ತೇನೆ. ಸತತ ಮೂರು ತಿಂಗಳು ತೂಕ ಇಳಿಯಲಿಲ್ಲ ಅಂದರೆ ಒಣಗಿದೆ ಅಂತ ಲೆಕ್ಕ. ಯಾರ ಮಾತೂ ಬೇಕಿಲ್ಲ.

ಸಿಲ್ವರ್ ಓಕ್ ನಮ್ಮಲ್ಲಿ ಧಾರಾಳ ಸಿಗುತ್ತದೆ. ಆದರೆ ಸಣ್ಣ ಕೆತ್ತನೆಗೆ ನನಗೆ ಅದು ಹಿಡಿಸಲಿಲ್ಲ, ಅಂಚಿನಲ್ಲಿ ಪುಡಿಯಾಗುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರ ಬೆಣ್ಣೆಯ ಹಾಗೆ ಕತ್ತರಿಸುತ್ತದೆ, ಸಿಕ್ಕರೆ ಬಿಡಬೇಡಿ. ಹಲಸಿನಲ್ಲಿ ಒಂದು ತೊಂದರೆ ಇದೆ. ಅದರ ಎಳೆ ಒಂದು ಪಟ್ಟಿ ಈ ಕಡೆ, ಪಕ್ಕದ ಪಟ್ಟಿ ಆ ಕಡೆ ಓಡುತ್ತದೆ. ಇಲ್ಲಿ ನುಣ್ಣಗೆ ಬಂದ ಉಳಿ ಒಂದು ಬೆರಳು ಮುಂದೆ ಹೋದ ಕೂಡಲೇ ಕಿತ್ತುಕೊಂಡು ಬರುತ್ತದೆ. ಹಾಗಾಗಿ ಕೊನೆಯ ಎರಡು ಮಿಲಿಮೀಟರ್ ಉಳಿ ಮುಟ್ಟಿಸುವುದಿಲ್ಲ. ಒಡೆದ ಗಾಜಿನ ಚೂರಿನಿಂದ ಹೆರೆಯುತ್ತೇನೆ. ಹಳೆ ಆಚಾರಿಗಳು ಮಾಡುತ್ತಿದ್ದದ್ದೇ ಇದು. ಹಾಗೆ ಹೆರೆದ ಹಲಸು ಮೊದಲು ಹಳದಿಯಾಗಿರುತ್ತದೆ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ನಾನು ಪೇಂಟ್ ಹೊಡೆಯುವುದಿಲ್ಲ.

ಬಾಡಿ ಕೆತ್ತುವುದಕ್ಕೆ ಮೊದಲು ತುಂಡಿನ ಪಕ್ಕದಲ್ಲಿ ಬದಿಯ ನೋಟ, ಮೇಲೆ ಮೇಲಿನ ನೋಟ ಬರೆದುಕೊಳ್ಳಬೇಕು. ಬದಿಯ ಗೆರೆ ಹಿಡಿದು ಗರಗಸ ಹಾಕಿದರೆ ಮೇಲೆ ಬರೆದದ್ದು ಕತ್ತರಿಸಿದ ಚೂರಿನ ಜೊತೆ ಹೋಗಿಬಿಡುತ್ತದೆ. ಆ ಚೂರುಗಳನ್ನು ಎಸೆಯಬೇಡಿ. ವಾಪಸ್ ಅದೇ ಜಾಗಕ್ಕೆ ಟೇಪಿನಿಂದ ಅಂಟಿಸಿ, ತುಂಡನ್ನು ತಿರುಗಿಸಿ, ಮೇಲಿನ ಗೆರೆ ಹಿಡಿದು ಕತ್ತರಿಸಿ. ಟೇಪ್ ಬಿಚ್ಚಿದಾಗ ಒಳಗಿನಿಂದ ಹೆಲಿಕಾಪ್ಟರ್ ಹೊರಬರುತ್ತದೆ, ಮೂಲೆಮೂಲೆಯಾಗಿ, ಆದರೆ ಅದೇ ಅಂತ ಗುರುತು ಸಿಗುವ ಹಾಗೆ. ಪ್ರತಿ ಸಲ ಆ ಕ್ಷಣಕ್ಕೆ ಹೆಂಡತಿಯನ್ನೂ ಮಗಳನ್ನೂ ಕರೆಯುತ್ತೇನೆ.

ಅಲ್ಲಿಂದ ಮುಂದೆ ಕಣ್ಣಳತೆ ಸಾಲದು. ಹಳೆ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಅಡ್ಡ ಆಕಾರದ ಅಚ್ಚುಗಳನ್ನು ಕತ್ತರಿಸಿಕೊಂಡಿದ್ದೇನೆ. ಮೂತಿಯ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು, ಎಂಜಿನ್ ಕೆಳಗೆ ಒಂದು, ಹೀಗೆ ಏಳು. ಕೆತ್ತುತ್ತಾ ಅಚ್ಚನ್ನು ಒತ್ತಿ ಬೆಳಕಿಗೆ ಹಿಡಿದರೆ ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಸರಿ ಇಲ್ಲ. ಬಾಲ ಉರುಟು. ಅದನ್ನು ನೇರವಾಗಿ ಉರುಟು ಮಾಡಲು ಹೋಗಬೇಡಿ. ಮೊದಲು ಚೌಕ, ಆಮೇಲೆ ಎಂಟು ಮೂಲೆ, ಆಮೇಲೆ ಹದಿನಾರು. ಅಷ್ಟಾದ ಮೇಲೆ ಉಪ್ಪುಕಾಗದ ಹಿಡಿದರೆ ಉರುಟು ತಾನಾಗೇ ಬರುತ್ತದೆ. ಬಾಲವನ್ನು ಬಾಡಿಯ ಜೊತೆ ಒಂದೇ ತುಂಡಿನಲ್ಲಿ ಮಾಡಬೇಕು ಅಂತ ನನಗೆ ಹಟ ಇತ್ತು. ಎರಡು ಸಲ ಮುರಿಯಿತು. ಬೇಲೂರಿಗೆ ಹೋದಾಗಲೆಲ್ಲ ಮದನಿಕೆಯರ ತಲೆ ಮೇಲಿನ ಬಳ್ಳಿಗಳನ್ನು ನೋಡುತ್ತಾ ನಿಲ್ಲುತ್ತೇನೆ, ಎಷ್ಟು ತೆಳು, ಎಲ್ಲಾ ಒಂದೇ ಕಲ್ಲಿನಲ್ಲಿ. ಆದರೆ ಬಳಪದ ಕಲ್ಲಿಗೆ ಎಳೆ ಇಲ್ಲ, ಮರಕ್ಕೆ ಇದೆ. ಈಗ ಬಾಲವನ್ನು ನೇರ ಎಳೆಯ ಬೇರೆ ತುಂಡಿನಲ್ಲಿ ಮಾಡಿ, ಬಿದಿರಿನ ಗೂಟ ಇಟ್ಟು ಫೆವಿಕಾಲ್ ಹಾಕಿ ಕೂರಿಸುತ್ತೇನೆ.

ಗಾಜು ತೋರಿಸುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಚೇತಕ್‌ನ ಮೂತಿ ಪೂರ್ತಿ ಗಾಜೇ. ನಾನು ಪಟ್ಟಿಗಳನ್ನು ಒಂದೂವರೆ ಮಿಲಿಮೀಟರ್ ಅಗಲಕ್ಕೆ ಉಬ್ಬಾಗಿ ಬಿಟ್ಟು, ಗಾಜಿನ ಜಾಗವನ್ನು ಅರ್ಧ ಮಿಲಿಮೀಟರ್ ತಗ್ಗಿಸುತ್ತೇನೆ. ಗಡಿಯುದ್ದಕ್ಕೂ ಚೂಪು ಚಾಕುವಿನಿಂದ ಆಳವಾಗಿ ಗೀರುತ್ತೇನೆ, ಎಳೆ ತುಂಡಾಗಬೇಕು. ಪಟ್ಟಿಗಳಿಗೆ ಅರಗಿನ ಪಾಲಿಷ್ ಹಚ್ಚುತ್ತೇನೆ. ಆಮೇಲೆ ಗಾಜಿನ ಜಾಗಕ್ಕೆ ಅಳಲೆಕಾಯಿ ಕಷಾಯ. ಅದು ಒಣಗಿದ ಮೇಲೆ, ಒಂದು ವಾರ ಕಬ್ಬಿಣದ ಮೊಳೆ ನೆನೆಸಿಟ್ಟ ವಿನೆಗರ್. ಬ್ರಷ್ ಎಳೆದ ಕೂಡಲೇ ಮರ ಬೂದಿ ಬಣ್ಣಕ್ಕೆ ಬರುತ್ತದೆ, ಕಣ್ಣೆದುರೇ ನೇರಳೆ ಆಗುತ್ತದೆ, ಐದು ನಿಮಿಷಕ್ಕೆ ಶಾಯಿಯಂಥ ಕಪ್ಪು. ಹಿಂದೆ ಅಳಲೆಕಾಯಿ, ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಮ. ಗೀರಿದ ಗೆರೆ ಇಲ್ಲದಿದ್ದರೆ ಆ ಕಪ್ಪು ಎಳೆ ಹಿಡಿದು ಪಟ್ಟಿಯ ಒಳಗೂ ಹರಿಯುತ್ತದೆ. ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿ ಮೇಣ ಕೊಟ್ಟರೆ ಕಿಟಕಿಯ ಬೆಳಕು ಅದರಲ್ಲಿ ಕಾಣುತ್ತದೆ.

ಚಕ್ರಗಳಿಗೆ ಅಜ್ಜನ ಕಾಲದ ಬೀಟೆ ಮಂಚದ ಮುರಿದ ಕಾಲು ಸಾಕಾಯಿತು. ಚಕ್ರದ ಕಾಲಿಗೆ ಹಿತ್ತಾಳೆ ಸರಳು.

ಈಗ ಮಾವನ ಮಾತಿಗೆ ಬರುತ್ತೇನೆ. ಉಲ್ಟಾ ಅಂದದ್ದು ಯಾಕೆ? ಬ್ಲೇಡಿನ ಒಂದು ಅಂಚು ದಪ್ಪ, ಇನ್ನೊಂದು ಚಾಕುವಿನ ಹಾಗೆ ತೆಳು. ಗಾಳಿಯನ್ನು ಮೊದಲು ಸೀಳುವುದು ದಪ್ಪ ಅಂಚು. ಅಮೆರಿಕದ ಹೆಲಿಕಾಪ್ಟರ್‌ಗಳ ಬ್ಲೇಡ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ಸುತ್ತುತ್ತವೆ. ಫ್ರಾನ್ಸಿನವು ಗಡಿಯಾರದ ಹಾಗೇ ಸುತ್ತುತ್ತವೆ. ನಾನು ಬ್ಲೇಡಿನ ಆಕಾರ ನೋಡಿಕೊಂಡದ್ದು ಒಂದು ಅಮೆರಿಕನ್ ಹೆಲಿಕಾಪ್ಟರಿನ ಚಿತ್ರದಿಂದ. ಚೇತಕ್ ಅನ್ನು ಮೇಲಿನಿಂದ ನೋಡುತ್ತಿದ್ದೀರಿ ಅಂದುಕೊಳ್ಳಿ. ಗಡಿಯಾರದ 12ರ ಕಡೆ ಚಾಚಿದ ಬ್ಲೇಡಿನ ದಪ್ಪ ಅಂಚು 1ರ ಕಡೆಗಿರಬೇಕು. ಇದೊಂದು ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಗೊತ್ತಿರುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಭಾರ ಇಲ್ಲ ಅಂದದ್ದು ಅರ್ಥ ಆಗಲು ಇನ್ನೂ ತಡವಾಯಿತು. ನಾನು ಬ್ಲೇಡುಗಳನ್ನು ಮಟ್ಟಗೋಲಿನ ಹಾಗೆ ನೇರ ಮಾಡಿದ್ದೆ. ಮಾವ ಫೋಟೋ ತೋರಿಸಿದರು. ನಿಂತ ಚೇತಕ್‌ನ ಬ್ಲೇಡುಗಳು ಬುಡದಲ್ಲಿ ಕೀಲಿನ ಮೇಲೆ ಕೂತು, ತುದಿಗೆ ಹೋದ ಹಾಗೆ ಬಾಳೆ ಎಲೆಯಂತೆ ಕೆಳಗೆ ಬಾಗಿರುತ್ತವೆ. ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುವಾಗ ಮಾತ್ರ ಆ ವೇಗವೇ ಅವನ್ನು ಹೊರಗೆ ಎಳೆದು ನೇರ ಮಾಡುತ್ತದೆ. ಆಗ ಅವೇ ಮೂರು ಬ್ಲೇಡ್ 2,200 ಕಿಲೋವರೆಗೆ ಎತ್ತುತ್ತವೆ. "ನಿಂದು ನಿಂತಿರೋದೋ ಹಾರ್ತಿರೋದೋ ಹೇಳು ಮೊದಲು" ಅಂದರು ಮಾವ.

ಮರದ ಬ್ಲೇಡನ್ನು ಬಾಗಿಸಲು ಹೋಗಿ ಆರು ಮುರಿದೆ. ಕೊನೆಗೆ ಬಿದಿರು ಕೈ ಹಿಡಿಯಿತು. ಹೆಬ್ಬಿದಿರಿನ ಎರಡು ಗಿಣ್ಣಿನ ನಡುವಿನ ಭಾಗ ತೆಗೆದುಕೊಳ್ಳಬೇಕು, ಗಿಣ್ಣು ಇದ್ದರೆ ಅಲ್ಲಿ ಬಾಗುವುದಿಲ್ಲ. ಒಂದೂವರೆ ಸೆಂಟಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪಕ್ಕೆ ಸೀಳಿ, ಒಂದು ಅಂಚು ಉರುಟಾಗಿ ಇನ್ನೊಂದು ತೆಳುವಾಗಿ ಹೆರೆದು, ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಆಡಿಸಬೇಕು. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಮೇಲೆ ಬೆವರಿನ ಹಾಗೆ ಹನಿ ಬರುತ್ತದೆ. ಆಗಲೇ ಬಾಗಿಸಬೇಕು, ಮೊದಲೂ ಅಲ್ಲ ಆಮೇಲೂ ಅಲ್ಲ. ಬಾಗಿಸಿ ತಣ್ಣಗಾಗುವವರೆಗೆ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ. ಬೆರಳಿಗೆ ಬಿಸಿ ತಾಗುತ್ತದೆ, ಬಟ್ಟೆ ಸುತ್ತಿಕೊಳ್ಳಿ. ತುದಿ ಹನ್ನೆರಡು ಮಿಲಿಮೀಟರ್ ಇಳಿದರೆ ಈ ಅಳತೆಗೆ ಕಣ್ಣಿಗೆ ಸರಿ ಕಾಣುತ್ತದೆ.

ಬ್ಲೇಡುಗಳು ಕೂರುವ ನಡುವಿನ ಗುಂಡಿಗೆ ಕಾಫಿ ಮರ. ಬೋರರ್ ಹೊಡೆದು ಕಿತ್ತ ಅರೇಬಿಕಾ ಗಿಡದ ಬುಡದಲ್ಲಿ ಹುಳು ಮುಟ್ಟದ ಗಂಟು ಹುಡುಕಿ ತೆಗೆದದ್ದು. ನಮ್ಮಲ್ಲಿ ಕಾಫಿ ಬೇರಿನ ಟೀಪಾಯಿ ಮಾಡುತ್ತಾರಲ್ಲ, ಅದೇ ಮರ. ಗಟ್ಟಿ, ನುಣುಪು, ಸಣ್ಣ ಬೈರಿಗೆ ಹಾಕಿದರೂ ಸೀಳುವುದಿಲ್ಲ.

ಮೂರೂ ಒಂದೇ ಸಮ ಇಳಿದಿವೆಯೋ ಅಂತ ನೋಡುವುದು ಹೇಗೆ? ಮಾವ ತಮ್ಮ ಕೆಲಸದ ಒಂದು ಹಳೆ ಕ್ರಮ ಹೇಳಿದರು. ಬ್ಲೇಡಿನ ತುದಿಗಳಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಬಳಿದು, ತಿರುಗುವಾಗ ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಮೆಲ್ಲಗೆ ತುದಿಗೆ ತಾಗಿಸುತ್ತಿದ್ದರಂತೆ. ಬಟ್ಟೆಯ ಮೇಲೆ ಮೂರು ಬಣ್ಣದ ಗುರುತು ಒಂದೇ ಎತ್ತರದಲ್ಲಿ ಬಿದ್ದರೆ ಸರಿ. ಯಾವ ಬಣ್ಣ ಮೇಲೆ ಬಿದ್ದಿದೆಯೋ ಆ ಬ್ಲೇಡನ್ನು ಸರಿ ಮಾಡಬೇಕು. ನಾನೂ ಹಾಗೇ ಮಾಡಿದೆ. ಕೆಂಪು, ನೀಲಿ, ಹಳದಿ. ರಟ್ಟಿನ ಚೂರು ನಿಲ್ಲಿಸಿ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ನೀಲಿ ಎರಡು ಮಿಲಿಮೀಟರ್ ಮೇಲಿತ್ತು. ಮತ್ತೆ ಕೆಂಡಕ್ಕೆ ಹಿಡಿದೆ. ನಾಲ್ಕನೆಯ ಸಲಕ್ಕೆ ಮೂರು ಬಣ್ಣ ಒಂದರ ಮೇಲೊಂದು ಬಿದ್ದವು. ಆ ರಟ್ಟನ್ನು ಮಾವ ಕೇಳಿ ಇಸಿದುಕೊಂಡರು. ಅವರ ಮನೆ ಗೋಡೆಯ ಕ್ಯಾಲೆಂಡರ್ ಪಕ್ಕ ಸಿಕ್ಕಿಸಿದ್ದಾರೆ.

ಈಗ ಕೈಯಲ್ಲಿರುವುದು ಚೀತಾ. ಚೇತಕ್‌ನ ತಮ್ಮನ ಹಾಗೆ. ಸಿಯಾಚಿನ್‌ಗೆ ಸಾಮಾನು ಹೊರುವ ಹೆಲಿಕಾಪ್ಟರ್ ಅದು. ಇದರ ಫ್ರೆಂಚ್ ಮೂಲವಾದ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿತ್ತು. ಅದರ ಬಾಲ ಉರುಟಲ್ಲ, ಬರೀ ಕಂಬಿಗಳ ಜಾಲರಿ. ಕೆತ್ತಲು ಅಲ್ಲಿ ಮರವೇ ಇಲ್ಲ. ಹಾಗಾಗಿ ಬಿದಿರನ್ನು ಎರಡು ಮಿಲಿಮೀಟರ್ ಕಡ್ಡಿಗಳಾಗಿ ಸೀಳಿ, ಒಂದೊಂದನ್ನೂ ಉರುಟು ಹೆರೆದು ಜೋಡಿಸುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ನಲವತ್ತಕ್ಕಿಂತ ಜಾಸ್ತಿ ಕಡ್ಡಿ ಬೇಕು. ಇವತ್ತಿಗೆ ಇಪ್ಪತ್ತಾರು ಆಗಿವೆ. ಹಲಸಿನ ತುಂಡು ಅಟ್ಟದಲ್ಲಿದೆ, ಕಳೆದ ತಿಂಗಳು ಇನ್ನೂ ನಲವತ್ತು ಗ್ರಾಂ ಇಳಿದಿತ್ತು.