ರೆಸಿನ್ ಕಾರು ಕಿಟ್‌ಗಳನ್ನು ನಾನು ಪರೀಕ್ಷಿಸುವ ಬಗೆ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ನಾನು 1:43 ಅಳತೆಯ, ಅಂದರೆ ನಿಜವಾದ ಕಾರಿನ ನಲವತ್ಮೂರರಲ್ಲೊಂದು ಪಾಲಿನಷ್ಟಿರುವ, ರೆಸಿನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಮಾದರಿ ಕಾರುಗಳನ್ನು ಬಿಡಿಭಾಗಗಳ ಕಿಟ್‌ಗಳಿಂದ ಜೋಡಿಸುತ್ತಿದ್ದೇನೆ. ಮೊದಲ ಮೂರು ವರ್ಷ ಪೆಟ್ಟಿಗೆ ತೆರೆದ ಕೂಡಲೇ ನನ್ನ ಕಣ್ಣು ಹೋಗುತ್ತಿದ್ದುದು ಹೊಳೆಯುವ ಗ್ರಿಲ್, ವೈಪರ್, ನಂಬರ್ ಪ್ಲೇಟುಗಳ ಕಡೆಗೆ. ಈಗ ಅವೆಲ್ಲವನ್ನೂ ಬದಿಗಿಟ್ಟು ಬರಿಯ ಬಾಡಿಯೊಂದನ್ನೇ ಕೈಗೆತ್ತಿಕೊಳ್ಳುತ್ತೇನೆ. ಗ್ರಿಲ್ ಚೆನ್ನಾಗಿಲ್ಲದಿದ್ದರೆ ಬೇರೆಯದನ್ನು ಮಾಡಿಕೊಳ್ಳಬಹುದು, ಆದರೆ ಮೇಲ್ಛಾವಣಿಯ ಬಾಗು ತಪ್ಪಿದ್ದರೆ ಅದನ್ನು ಸರಿಪಡಿಸುವುದೆಂದರೆ ಕಾರನ್ನೇ ಹೊಸದಾಗಿ ಕೆತ್ತಿದಂತೆ.

ಇಂಥ ಕಿಟ್‌ಗಳನ್ನು ತಯಾರಿಸುವವರು ಬಹುಪಾಲು ಒಬ್ಬರೋ ಇಬ್ಬರೋ ಕೆಲಸ ಮಾಡುವ ಸಣ್ಣ ಕಾರ್ಯಾಗಾರದವರು. ಅವರು ಒಂದು ಮೂಲ ಮಾದರಿಯನ್ನು ಕೈಯಿಂದಲೋ, ಈಚೆಗೆ ತ್ರೀಡಿ ಮುದ್ರಣದಿಂದಲೋ ಸಿದ್ಧಪಡಿಸಿ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ಮಾಡಿ, ಆ ಅಚ್ಚಿನೊಳಗೆ ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ರೆಸಿನ್ ಎರೆಯುತ್ತಾರೆ. ರೆಸಿನ್ ಗಟ್ಟಿಯಾಗುವಾಗ ಹೊಮ್ಮುವ ಬಿಸಿ ಮತ್ತು ರಾಸಾಯನಿಕಗಳ ಹೊಡೆತಕ್ಕೆ ಸಿಲಿಕೋನ್ ಅಚ್ಚು ಕೆಲವು ಹತ್ತು ಎರಕಗಳಷ್ಟರಲ್ಲೇ ಸವೆದು, ತುದಿಗಳಲ್ಲಿ ಹರಿಯತೊಡಗುತ್ತದೆ. ಆದುದರಿಂದ ಹೊಸ ಅಚ್ಚಿನಿಂದ ಬಂದ ಬಾಡಿಯೂ ಅದೇ ಅಚ್ಚಿನ ಕೊನೆಗಾಲದ ಬಾಡಿಯೂ ಒಂದೇ ಹೆಸರಿನ ಪೆಟ್ಟಿಗೆಯಲ್ಲಿ ಬಂದರೂ ಒಂದೇ ಗುಣಮಟ್ಟದವಲ್ಲ. ತಯಾರಕರ ಹೆಸರನ್ನು ನಂಬಿ ಕೂರದೆ ಪ್ರತಿ ಪೆಟ್ಟಿಗೆಯನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಮೊದಲ ಕೆಲಸ ಅಳತೆ. ಅಂಬಾಸಿಡರ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಮಧ್ಯದ ಅಂತರ 2464 ಮಿ.ಮೀ.; 43ರಿಂದ ಭಾಗಿಸಿದರೆ 57.3 ಮಿ.ಮೀ. ಡಿಜಿಟಲ್ ಕ್ಯಾಲಿಪರಿನಲ್ಲಿ ಕಾಲು ಮಿಲಿಮೀಟರಿನಷ್ಟು ಹೆಚ್ಚುಕಡಿಮೆಯಾದರೆ ನಾನು ತಕರಾರು ಮಾಡುವುದಿಲ್ಲ. ಒಮ್ಮೆ ತರಿಸಿದ ಕಿಟ್ಟಿನಲ್ಲಿ ಅದು 56.4 ಇತ್ತು, ಅಗಲವೂ ಅದೇ ಪ್ರಮಾಣದಲ್ಲಿ ಕಡಿಮೆಯಿತ್ತು, ಬಾಗಿಲಿನ ಆಕಾರ ತೋರಿಸುವ ಗೀರುಗಳ ಅಂಚು ಕರಗಿದ ಸಾಬೂನಿನ ಹಾಗೆ ಮೊಂಡಾಗಿತ್ತು. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಆದರೆ ಒಂದು ಎರಕಕ್ಕೆ ಇಷ್ಟೊಂದಲ್ಲ. ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗಿ, ಜೊತೆಗೆ ಗೀರುಗಳೂ ಮಸುಕಾಗಿದ್ದರೆ ಅದು ಬೇರೆಯವರ ಎರಕದಿಂದಲೇ ಅಚ್ಚು ತೆಗೆದ ನಕಲು ಎಂದು ನಾನು ತಿಳಿಯುತ್ತೇನೆ. ಮೂಲ ಮಾದರಿ ಕೆತ್ತಿದವರ ಶ್ರಮವನ್ನು ಕದ್ದ ಇಂಥ ವಸ್ತುವಿಗೆ ಹಣ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಚಕ್ರಗಳನ್ನೂ ಅಳೆಯುತ್ತೇನೆ: ಅಂಬಾಸಿಡರಿನದು 15 ಇಂಚಿನ ಚಕ್ರ, ಅಂದರೆ ಮಾದರಿಯಲ್ಲಿ ರಿಮ್ ಸುಮಾರು 9 ಮಿ.ಮೀ. ಇರಬೇಕು. ಬೇರೆ ಕಾರಿಗೆಂದು ಮಾಡಿದ ಚಿಕ್ಕ ಚಕ್ರವನ್ನು ಹಾಕಿ ಕಳಿಸಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಅಳತೆ ಸರಿಯಿದ್ದೂ ಆಕಾರ ತಪ್ಪಿರಬಹುದು. ಇದನ್ನು ನನಗೆ ಕಲಿಸಿದವರು ಶಿರಸಿಯ ಒಬ್ಬ ಹಿರಿಯ ಗುಡಿಗಾರರು, ಗಂಧದ ಕೆತ್ತನೆಯಲ್ಲೇ ಆಯುಷ್ಯ ಕಳೆದವರು. ನಾನು ಒಯ್ದಿದ್ದ ಬಾಡಿಯನ್ನು ಅವರು ನೀರಿನಲ್ಲಿ ಅದ್ದಿ ತೆಗೆದು, ಕಿಟಕಿಯ ಎದುರು ಹಿಡಿದು ನಿಧಾನವಾಗಿ ಓರೆ ಮಾಡಿದರು. "ತಮ್ಮಾ, ಈ ಬದಿ ಬೆಳಕು ಓಡಿದ ಹಾಗೆ ಆ ಬದಿ ಓಡ್ತಾ ಇಲ್ಲ" ಎಂದರು. ಒಣಗಿದ ರೆಸಿನ್ ಮಂಕಾಗಿರುವುದರಿಂದ ಉಬ್ಬುತಗ್ಗು ಅಡಗಿರುತ್ತದೆ, ನೀರಿನ ತೆಳು ಪದರ ಬಣ್ಣ ಬಳಿದಂತೆಯೇ ಹೊಳಪು ಕೊಟ್ಟು ಅದನ್ನು ಬಯಲಿಗೆಳೆಯುತ್ತದೆ. ಎಡ ಮಡ್‌ಗಾರ್ಡಿನ ಮೇಲೆ ನೇರವಾಗಿ ಹರಿದ ಬೆಳಕಿನ ಗೆರೆ ಬಲಗಡೆ ಮುರಿದಿದ್ದುದನ್ನು ಅಂದು ಕಣ್ಣಾರೆ ಕಂಡೆ. ಅಂದಿನಿಂದ ಬಾಡಿಯನ್ನು ಒದ್ದೆ ಮಾಡಿ, ಎದುರಿಗೊಂದು ಕನ್ನಡಿ ಇಟ್ಟು, ಎರಡೂ ಬದಿಗಳನ್ನು ಹೋಲಿಸದೆ ಯಾವ ಕಿಟ್ಟನ್ನೂ ನಾನು ಒಪ್ಪಿಕೊಂಡಿಲ್ಲ. ಛಾಯಾಚಿತ್ರಗಳಿಗಿಂತ ನಿಜವಾದ ಕಾರೇ ಇದಕ್ಕೆ ಉತ್ತಮ ಆಧಾರ. ನಮ್ಮ ಬೀದಿಯ ಒಂದು ಮನೆಯ ಶೆಡ್ಡಿನಲ್ಲಿ ನಿಂತಿರುವ ಹಳೆಯ ಅಂಬಾಸಿಡರಿನ ಬಾನೆಟ್ಟಿನ ಮೇಲೆ ಮನೆಯವರ ಅನುಮತಿ ಪಡೆದು ಎಷ್ಟೋ ಸಂಜೆ ಕೈಯಾಡಿಸಿದ್ದೇನೆ. ಕ್ಯಾಮೆರಾದ ಮಸೂರ ಹಿಗ್ಗಿಸಿ ತೋರಿಸುವ ಬಾಗನ್ನು ಅಂಗೈ ಸರಿಯಾಗಿ ಹೇಳುತ್ತದೆ.

ಗುಳ್ಳೆಗಳಲ್ಲಿ ಎರಡು ಬಗೆ. ಮೇಲ್ಮೈಯಲ್ಲಿ ಕಾಣುವ ಒಂದೆರಡು ಸೂಜಿರಂಧ್ರಗಳನ್ನು ಪುಟ್ಟಿಯಿಂದ ಮುಚ್ಚಬಹುದು. ಒಳಗೆ ಅಡಗಿರುವ ಗುಳ್ಳೆಗಳು ಹಾಗಲ್ಲ. ಉಜ್ಜಿದಂತೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಬಾಡಿಯ ಒಳಗಿನಿಂದ ಸಣ್ಣ ಟಾರ್ಚ್ ಹಿಡಿದರೆ ತಿಳಿಬಣ್ಣದ ರೆಸಿನ್ನಿನಲ್ಲಿ ಅವು ಚುಕ್ಕೆಗಳಾಗಿ ಕಾಣುತ್ತವೆ, ಗೋಡೆಯ ದಪ್ಪ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದೂ ಅದರಲ್ಲೇ ತಿಳಿಯುತ್ತದೆ. ಕಿಟಕಿಯ ಕಂಬದೊಳಗೆ ಗುಳ್ಳೆಯಿದ್ದರೆ ಆ ಬಾಡಿಯನ್ನು ಹಿಂದಿರುಗಿಸುವುದೇ ಸರಿ. ದ್ರವರೂಪದ ರೆಸಿನ್ನಿಗೆ ತೇವ ತಗುಲಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆಯಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾನೇ ಒಂದು ಬಂಪರ್ ಎರೆಯಲು ಹೋದಾಗ ಅದು ಇಡ್ಲಿಯಂತೆ ಉಬ್ಬಿ ಬಂದಿತ್ತು.

ಸೊಟ್ಟಗಾದ ಬಾಡಿಯನ್ನು ಕಂಡು ಅನೇಕರು ಹೆದರುತ್ತಾರೆ, ಆದರೆ ಅದು ನನ್ನ ಲೆಕ್ಕದಲ್ಲಿ ಸಣ್ಣ ದೋಷ. ಗಾಜಿನ ತುಂಡಿನ ಮೇಲಿಟ್ಟಾಗ ಒಂದು ಮೂಲೆ ಎದ್ದು ನಿಂತರೆ, ಕುದಿಯುವ ಮೊದಲೇ ಒಲೆಯಿಂದಿಳಿಸಿದ ಬಿಸಿನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ಮೆದುವಾದಾಗ ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಕಿಟಕಿಗಳಿಗೆ ಕೊಡುವ ಪಾರದರ್ಶಕ ಹಾಳೆ ಹಳದಿಯಾಗಿದೆಯೇ, ಅದರ ಬಾಗು ಚೌಕಟ್ಟಿಗೆ ಕೂರುತ್ತದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಬೇಕು.

ಕೊನೆಯ ತೀರ್ಪು ಬಣ್ಣಕ್ಕೆ ಮೊದಲು ಹೊಡೆಯುವ ಬೂದುಬಣ್ಣದ ಪ್ರೈಮರಿನದು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಬಾಡಿಗೆ ಅಂಟಿರುವುದರಿಂದ, ಮೊದಲು ಪಾತ್ರೆ ತೊಳೆಯುವ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯುತ್ತೇನೆ. ಅಚ್ಚಿನ ಕೂಡುಗೆರೆಗಳನ್ನು ನೀರು ಹಾಕಿಯೇ ಉಜ್ಜುತ್ತೇನೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳುತ್ತೇನೆ. ರೆಸಿನ್ನಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯ ತೇವಕ್ಕೆ ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುವುದರಿಂದ ಪ್ರೈಮರ್ ಕೆಲಸವನ್ನು ಅಕ್ಟೋಬರಿಗೆ ಮುಂದೂಡುತ್ತೇನೆ. ಒಂದು ತೆಳು ಪದರ ಒಣಗಿದ ಮೇಲೂ ಬಾಗಿಲಿನ ಗೀರು ಉಗುರಿಗೆ ಸ್ಪಷ್ಟವಾಗಿ ಸಿಗಬೇಕು. ಈಗಲೇ ತುಂಬಿಕೊಂಡಿದ್ದರೆ ಮೇಲಿನ ಬಣ್ಣ, ವಾರ್ನಿಷ್ ಸೇರಿದ ಮೇಲೆ ಅದು ಉಳಿಯುವುದಿಲ್ಲ. ಈ ವರ್ಷ ಬಂದ ಅಂಬಾಸಿಡರಿನ ಚಕ್ರಗಳ ಅಂತರ 57.2 ಮಿ.ಮೀ. ಇದೆ, ಬೆಳಕಿನ ಗೆರೆ ಎರಡೂ ಬದಿಯಲ್ಲಿ ಒಂದೇ ಸಮನಾಗಿ ಓಡಿದೆ, ಟಾರ್ಚಿಗೆ ಮೂರು ಚುಕ್ಕೆಗಳು ಕಂಡಿವೆ, ಮೂರೂ ಡಿಕ್ಕಿಯ ಒಳಬದಿಯಲ್ಲಿ. ತೊಳೆದು, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಪ್ರೈಮರ್ ಹೊಡೆಯಬೇಕು.