ಚಟ ಬಿಟ್ಟ ಮೇಲೆ ನಿರ್ಧಾರ ಮಾಡುವುದನ್ನು ಮತ್ತೆ ಕಲಿಯುವುದು: ನನ್ನ ಅನುಭವ

ಚಟ ಬಿಟ್ಟ ಹೊಸತರಲ್ಲಿ ಈಗಿನ ಸಣ್ಣ ಸುಖ ಆರು ತಿಂಗಳಾಚೆಯ ದೊಡ್ಡ ಲಾಭಕ್ಕಿಂತ ಹಿರಿದಾಗಿ ಕಾಣುತ್ತದೆ. ಮುಂದಿನದನ್ನು ತೂಗಿ ನೋಡುವುದು ಹಣೆಯ ಹಿಂದಿನ ಮಿದುಳಿನ ಕೆಲಸ, ಅದು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯತನಕ ಮನೋಬಲ ನಂಬಿ ಕೂತರೆ ಕೆಟ್ಟೆವು. ಹಾಗಾಗಿ ನಾನು ನಿರ್ಧಾರ ಮಾಡುವ ಹೊತ್ತನ್ನೇ ಬದಲಿಸಿಕೊಂಡೆ.

ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ, ಹತ್ತು ನಿಮಿಷ ಕೂತು ‘ಹೀಗಾದರೆ ಹೀಗೆ’ ಎಂಬ ಮೂರು ಸಾಲು ಬರೆಯುತ್ತೇನೆ. ‘ಸಂಜೆ ಹಳೇ ಗೆಳೆಯ ಫೋನ್ ಮಾಡಿದರೆ ಎತ್ತದೆ, ಚಪ್ಪಲಿ ಮೆಟ್ಟಿ ಅರ್ಧ ಗಂಟೆ ನಡೆಯುತ್ತೇನೆ.’ ‘ಎಚ್ಚರವಾಗಿರುತ್ತೇನೆ’ ಅನ್ನುವುದು ಯಾವ ಕೆಲಸಕ್ಕೂ ಬಾರದು. ಕೈಕಾಲು ಏನು ಮಾಡಬೇಕೆಂದು ಬರೆದಿರಬೇಕು. ಹತ್ತು ಸಾಲು ಬರೆದರೆ ಬೇಕಾದಾಗ ಒಂದೂ ನೆನಪಾಗದು. ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಸಾಧಕ ಬಾಧಕ ಲೆಕ್ಕ ಹಾಕಲೇಬಾರದು, ಲೆಕ್ಕ ಯಾವಾಗಲೂ ಚಟದ ಕಡೆಗೇ ವಾಲುತ್ತದೆ.

ನಿಜವಾದ ಅಪಾಯ ನಿರ್ಧಾರದಂತೆ ಕಾಣದ ನಿರ್ಧಾರಗಳಲ್ಲಿದೆ. ಮಧ್ಯಾಹ್ನ ಊಟ ಬಿಟ್ಟದ್ದು, ಜೇಬಿನಲ್ಲಿ ಬೇಕಿಲ್ಲದಷ್ಟು ನಗದು ಇಟ್ಟುಕೊಂಡದ್ದು, ‘ಈ ದಾರಿ ಹತ್ತಿರ’ ಎಂದು ತಿರುಗಿದ್ದು. ಅಲನ್ ಮಾರ್ಲಾಟ್ ಎಂಬ ಮನೋವಿಜ್ಞಾನಿ ಗುರುತಿಸಿದ್ದು ಇದನ್ನೇ. ಜಾರುವ ಅಂಚಿಗೆ ಬಂದ ಪ್ರತಿ ಸಲವೂ ಕೊನೆಯ ಗಳಿಗೆಯಿಂದ ಹಿಂದಕ್ಕೆ ಐದು ಕೊಂಡಿ ಬರೆಯಿರಿ: ಅದಕ್ಕೆ ಮೊದಲು ಏನಾಗಿತ್ತು, ಅದಕ್ಕೂ ಮೊದಲು? ಯಾವ ಕೊಂಡಿಯಲ್ಲಿ ಸುಲಭವಾಗಿ ಹಿಂತಿರುಗಬಹುದಿತ್ತೋ ಅದಕ್ಕೆ ಗುರುತು ಹಾಕಿ, ಮರುದಿನದ ಮೂರು ಸಾಲಿನಲ್ಲಿ ಅದನ್ನು ಸೇರಿಸಿ. ಹೆಚ್ಚಿನವರು ಕೊನೆಯ ಕೊಂಡಿಯನ್ನೇ ಹಿಡಿದು ತಮ್ಮನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ಬೈಗುಳದಿಂದ ಏನೂ ಗೊತ್ತಾಗುವುದಿಲ್ಲ.

ಕೆಲಸ ಬಿಡುವುದು, ಸಾಲ, ಮದುವೆ, ವಿಚ್ಛೇದನ ಮುಂದಕ್ಕೆ ಹಾಕುವಂತಿದ್ದರೆ ಮೊದಲ ವರ್ಷ ಬೇಡ. ತಡೆಯಲಾಗದಿದ್ದರೆ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಕನಿಷ್ಠ ನಾಲ್ಕು ದಾರಿ ಪಟ್ಟಿ ಮಾಡಿ. ಎರಡೇ ಹೊಳೆದರೆ ನೀವಿನ್ನೂ ಆತುರದಲ್ಲಿದ್ದೀರಿ. ನಿದ್ದೆ ಮಾಡಿ, ಮರುದಿನ ಆರಿಸಿ, ಮರುಪರಿಶೀಲನೆಗೆ ತಾರೀಖು ಹಾಕಿ, ಆಪ್ತಸಮಾಲೋಚಕರಿಗೆ ತೋರಿಸಿ.

ಮನೆಯವರು ಎಲ್ಲ ನಿರ್ಧಾರಗಳನ್ನೂ ತಾವೇ ವಹಿಸಿಕೊಂಡರೆ ಆ ಶಕ್ತಿ ಬೆಳೆಯುವುದೇ ಇಲ್ಲ. ಮೊದಲು ಏಳುವ ಹೊತ್ತು, ಊಟ. ಆಮೇಲೆ ವಾರದ ಖರ್ಚು. ಹೀಗೆ ಒಂದೊಂದಾಗಿ ಬಿಟ್ಟುಕೊಡಲಿ.

ಎರಡು ವಿಷಯ ಮಾತ್ರ ಒಬ್ಬರೇ ನಿರ್ಧರಿಸಬೇಡಿ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ನಿಲ್ಲಿಸುವ ಬಗೆಯನ್ನು ವೈದ್ಯರು ಹೇಳಬೇಕು. ಬರೆದುಕೊಟ್ಟ ಮಾತ್ರೆಯೂ ಹಾಗೆಯೇ, ‘ಈಗ ಆರಾಮಾಗಿದೆ’ ಎಂದು ತಾವೇ ಬಿಡುವಂತಿಲ್ಲ. ಇನ್ನು, ಜಾರಿದರೆ ಒಂದು ಗಂಟೆಯೊಳಗೆ ಯಾರಿಗೆ ಫೋನ್ ಮಾಡುವುದು ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಹೆರಾಯಿನ್‌ನಂಥ ಅಫೀಮು ಜಾತಿಯ ಚಟವಿದ್ದವರು ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಲ್ಲದು.