ಬೇರು ಕೊಳೆತ ಗಿಡವನ್ನು ಉಳಿಸಿಕೊಳ್ಳುವುದು

ಎಲೆ ಜೋತುಬಿದ್ದಿದೆ, ಕುಂಡದ ಮಣ್ಣು ಮಾತ್ರ ಒದ್ದೆ. ಇವೆರಡೂ ಒಟ್ಟಿಗೆ ಕಂಡರೆ ಕೈಯಲ್ಲಿರುವ ನೀರಿನ ಚೊಂಬನ್ನು ಕೆಳಗಿಡಿ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ನಿಂತರೆ ಬೇರಿಗೆ ಉಸಿರುಕಟ್ಟುತ್ತದೆ. ಸೋತ ಬೇರಿನ ಮೇಲೆ ಪಿಥಿಯಂ, ಫೈಟಾಫ್ತೊರಾ, ಫ್ಯುಸೇರಿಯಂನಂಥ ರೋಗಾಣುಗಳು ಎರಗುತ್ತವೆ. ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ಗಿಡ ನೀರಲ್ಲೇ ನಿಂತು ಬಾಯಾರುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ಚೊಂಬು ಸುರಿದರೆ ಉಳಿದ ಬೇರೂ ಹೋಗುತ್ತದೆ.

ಬುಡದ ಎಲೆಗಳು ಒಂದಾದ ಮೇಲೊಂದು ಹಳದಿಯಾಗುವುದು, ಕಾಂಡದ ಬುಡ ಮೆತ್ತಗಾಗುವುದು, ಮಣ್ಣು ಹುಳಿನಾತ ಹೊಡೆಯುವುದು ಇವೂ ಸೂಚನೆಗಳೇ. ಖಾತ್ರಿಯಾಗಬೇಕಾದರೆ ಗಿಡವನ್ನು ಹೊರತೆಗೆದು ನೋಡಲೇಬೇಕು. ಕುಂಡವನ್ನು ಓರೆ ಮಾಡಿ ಬದಿ ತಟ್ಟಿ, ಬೇರಿನ ಗಡ್ಡೆ ಹಿಡಿದು ಹೊರಗೆಳೆಯಿರಿ. ಕಾಂಡ ಹಿಡಿದು ಜಗ್ಗಬೇಡಿ. ಹಳೆಯ ಮಣ್ಣನ್ನು ಉದುರಿಸಿ, ಉಗುರುಬೆಚ್ಚಗಿನ ನೀರಿನ ಸಣ್ಣ ಧಾರೆಗೆ ಹಿಡಿದು ಪೂರ್ತಿ ತೊಳೆಯಿರಿ.

ಈಗ ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಬೇರು ಬಿಳಿಯಾಗಿ ಅಥವಾ ಕೆನೆಬಣ್ಣದಲ್ಲಿ ಗಟ್ಟಿಯಾಗಿರುತ್ತದೆ. ಕೊಳೆತದ್ದರ ಸಿಪ್ಪೆ ಲೊಳಕ್ಕನೆ ಜಾರಿ, ಒಳಗಿನ ನಾರೊಂದೇ ದಾರದೆಳೆಯಂತೆ ಬೆರಳಲ್ಲಿ ಉಳಿಯುತ್ತದೆ. ಬಣ್ಣವೊಂದನ್ನೇ ನಂಬಬೇಡಿ: ಡ್ರೆಸೀನಾದ ಬೇರು ಹುಟ್ಟಾ ಕಿತ್ತಳೆ ಬಣ್ಣದ್ದು, ಮಾನ್‌ಸ್ಟೆರಾದ ಹಳೆಯ ಬೇರು ಕಂದಾಗಿದ್ದೂ ಗಟ್ಟಿಯಾಗಿರಬಹುದು. ತೀರ್ಪು ಬೆರಳಿನದ್ದೇ.

ಕತ್ತರಿಯನ್ನು 70% ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿಕೊಂಡು, ಕೊಳೆತ ಭಾಗ ದಾಟಿ ಒಂದೆರಡು ಸೆಂ.ಮೀ. ಒಳಗೆ, ಗಟ್ಟಿ ಬೇರಿರುವಲ್ಲಿ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಮೇಲಕ್ಕೆ ಹೋಗಿ. ನಡುನಡುವೆ ಕತ್ತರಿಯನ್ನು ಮತ್ತೆ ಒರೆಸಿ. ಹೆಚ್ಚಿನವರ ಕೈ ತಡೆಯುವುದು ಇಲ್ಲೇ. ‘ಇರಲಿ ಪಾಪ’ ಎಂದು ಬಿಟ್ಟ ಒಂದು ಮೆತ್ತನೆ ತುಂಡಿನಿಂದ ಹೊಸ ಮಣ್ಣಿನಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಬೇರು ಅರ್ಧದಷ್ಟು ಹೋಗಿದ್ದರೆ ಹಳೆಯ ಎಲೆಗಳಲ್ಲಿ ಮೂರನೇ ಒಂದು ಭಾಗವನ್ನಾದರೂ ತೆಗೆಯಿರಿ, ಉಳಿದ ಬೇರು ಅಷ್ಟು ಎಲೆಗೆ ನೀರು ಒದಗಿಸಲಾರದು.

3% ಹೈಡ್ರೋಜನ್ ಪೆರಾಕ್ಸೈಡ್‌ಗೆ ಮೂರು ಪಟ್ಟು ನೀರು ಬೆರೆಸಿ ಬೇರನ್ನು ಒಮ್ಮೆ ಅದ್ದುವವರಿದ್ದಾರೆ. ಅದರಿಂದ ಹೊರಮೈ ಶುದ್ಧವಾದೀತು, ಕತ್ತರಿಯ ಕೆಲಸ ಆಗದು. ಔಷಧಿ ಆರಿಸುವಾಗಲೂ ಎಚ್ಚರ: ಪಿಥಿಯಂ, ಫೈಟಾಫ್ತೊರಾ ನಿಜವಾದ ಶಿಲೀಂಧ್ರಗಳಲ್ಲ, ಶಿಲೀಂಧ್ರದಂತೆ ಕಾಣುವ ಬೇರೆಯೇ ಗುಂಪಿನ ಜೀವಿಗಳು, ಊಮೈಸೀಟ್‌ಗಳು; ಶಿಲೀಂಧ್ರನಾಶಕವಾದ ಕಾರ್ಬೆಂಡಜಿಮ್ ಅವುಗಳಿಗೆ ನಾಟುವುದಿಲ್ಲ.

ಇನ್ನು ಕುಂಡ. ಕತ್ತರಿಯಿಂದ ಪಾರಾದ ಗಿಡಗಳು ಸಾಯುವುದು ಸಾಮಾನ್ಯವಾಗಿ ಇಲ್ಲಿ. ಬೇರು ಕಡಿಮೆಯಾದ ಮೇಲೆ ಅದೇ ದೊಡ್ಡ ಕುಂಡದಲ್ಲಿ ನೆಟ್ಟರೆ, ಹೀರುವವರಿಲ್ಲದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಉಳಿದ ಬೇರಿನ ಗುಚ್ಛಕ್ಕಿಂತ ಸುತ್ತ 2 ಸೆಂ.ಮೀ. ಮಾತ್ರ ದೊಡ್ಡದಿರುವ, ತಳದಲ್ಲಿ ತೂತುಗಳಿರುವ ಕುಂಡ ಸಾಕು, ಗಿಡಕ್ಕೆ ಹೋಲಿಸಿದರೆ ತೀರಾ ಚಿಕ್ಕದು ಅನ್ನಿಸಿದರೂ ಸರಿ. ಹಳೆಯದನ್ನೇ ಬಳಸುವುದಾದರೆ ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಚೆನ್ನಾಗಿ ತೊಳೆಯಿರಿ. ಹಳೆಯ ಮಣ್ಣು ಬೇಡವೇ ಬೇಡ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), ಒಂದು ಪಾಲು ಮರದ ತೊಗಟೆಯ ಚೂರು ಬೆರೆಸಿದರೆ ಮಾನ್‌ಸ್ಟೆರಾ, ಫಿಲೋಡೆಂಡ್ರಾನ್, ಮನಿಪ್ಲಾಂಟ್‌ನಂಥ ಕೆಸುವಿನ ಕುಟುಂಬದ ಗಿಡಗಳಿಗೆ ಒಗ್ಗುತ್ತದೆ. ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ತಪ್ಪು: ಮೇಲಿನ ನಯವಾದ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ನೆಟ್ಟ ಮೇಲೆ ಒಮ್ಮೆ ತಳದಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಆಮೇಲೆ ಬೆರಳಿಟ್ಟು ನೋಡಿ, ಮೇಲಿನ 3–4 ಸೆಂ.ಮೀ. ಒಣಗುವವರೆಗೆ ಕಾಯಿರಿ. ಇಂತಿಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಮಣ್ಣಿನೊಳಗಿನ ಗಡ್ಡೆಯಲ್ಲಿ ನೀರು ಕೂಡಿಡುವ ಝಡ್‌ಝಡ್ ಗಿಡದ ಮಾತು ಬೇರೆ: ಗಡ್ಡೆ ಕತ್ತರಿಸಿದ್ದರೆ ಗಾಯ ಒಂದೆರಡು ದಿನ ಆರಲಿ, ಆಮೇಲೆ ನೆಡಿ, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಬೆಳಕು ಧಾರಾಳವಾಗಿರಲಿ, ನೇರ ಬಿಸಿಲು ಬೇಡ. ಹೊಸ ಎಲೆ ಬಿಚ್ಚುವವರೆಗೆ ಗೊಬ್ಬರ ಮುಟ್ಟಬೇಡಿ, ಲವಣ ಎಳೆ ಬೇರನ್ನು ಸುಡುತ್ತದೆ. ಮೊದಲ ವಾರಗಳಲ್ಲಿ ಇನ್ನೆರಡು ಎಲೆ ಹಳದಿಯಾಗಿ ಬಿದ್ದರೆ ಗಾಬರಿಯಿಂದ ಮತ್ತೆ ಕಿತ್ತು ನೋಡುವುದು ಬೇಡ. ಕಾಂಡದ ಬುಡ ಗಟ್ಟಿಯಾಗಿದ್ದರೆ ಸಾಕು.

ಒಂದು ಬೇರೂ ಉಳಿದಿಲ್ಲವೇ? ಬಳ್ಳಿ ಜಾತಿಯಾದರೆ ಕಾಂಡದ ಗಟ್ಟಿ ಭಾಗವನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಒಂದು ಗೆಣ್ಣಾದರೂ ಮುಳುಗುವಂತೆ, ಎಲೆ ಮುಳುಗದಂತೆ ನೀರಲ್ಲಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಬೇರು 5 ಸೆಂ.ಮೀ. ಆದಾಗ ಚಿಕ್ಕ ಕುಂಡಕ್ಕೆ ಇಳಿಸಿ, ಆದರೆ ಮೊದಲ ಎರಡು ವಾರ ಮಣ್ಣು ಪೂರ್ತಿ ಒಣಗಲು ಬಿಡಬೇಡಿ. ನೀರಲ್ಲಿ ಹುಟ್ಟಿದ ಬೇರು ಒಣ ಮಣ್ಣನ್ನು ತಡೆದುಕೊಳ್ಳದು.